ಆರು ಗಂಟೆಗೆ ಬಾಗಿಲು ಹಾಕಿದ ಹೊಟ್ಟೆ

ನಾನು ಮಾತಿಗೆ ತಪ್ಪುವ ಮನುಷ್ಯನಲ್ಲ! ಹರಿಶ್ಚಂದ್ರನಿಗೂ ನನಗೂ ಇದ್ದ ವ್ಯತ್ಯಾಸ ಒಂದೇ. ಅವನು ಸುಡುಗಾಡು ಕಾದ, ನಾನು ಮುಳಬಾಗಿಲು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಕಡತ ಕಾದೆ. ಹಿಡಿದ ವ್ರತ ಬಿಡದ ಹಟ ಮಾತ್ರ ಇಬ್ಬರಿಗೂ ಸಮ. ಅವನು ಹೆಂಡತಿ ಮಗನನ್ನು ಕಳೆದುಕೊಂಡ. ನಾನು ಕಳೆದುಕೊಂಡದ್ದು ಏನೆಂಬುದನ್ನು ಹೇಳುವುದಕ್ಕೇ ಈ ವೃತ್ತಾಂತ.

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಯುದ್ಧದ ಕಾಲ. ಅಕ್ಕಿ ಸಿಕ್ಕರೆ ಹಬ್ಬ, ಸಕ್ಕರೆ ಸಿಕ್ಕರೆ ಜಾತ್ರೆ, ಸೀಮೆಎಣ್ಣೆಗೆ ಬೆಳಗಿನಿಂದ ಸಾಲು. ಊರಿನವರೆಲ್ಲ ಹೊಟ್ಟೆಗೆ ಏನಾದರೂ ಸಿಕ್ಕರೆ ಸಾಕೆಂದು ಒದ್ದಾಡುತ್ತಿದ್ದಾಗ, ಸಿಕ್ಕಿದ್ದನ್ನೂ ತಿನ್ನುವುದಿಲ್ಲವೆಂದು ವ್ರತ ಹಿಡಿದ ಪುಣ್ಯಾತ್ಮ ನಾನೊಬ್ಬನೇ!

ಇದಕ್ಕೆ ಕಾರಣ ನಮ್ಮ ಊರಿನ ವಾಚನಾಲಯದಲ್ಲಿ ನಡೆದ ಒಂದು ಭಾಷಣ. ಮದರಾಸಿನ ಕಡೆಯಿಂದ ಬಂದಿದ್ದ ಒಬ್ಬ ಪ್ರಕೃತಿ ವೈದ್ಯರು ಮೇಜು ಗುದ್ದಿ ಹೇಳಿದರು: "ಕಚೇರಿಗೆ ವೇಳೆ ಇದೆ, ಶಾಲೆಗೆ ವೇಳೆ ಇದೆ, ರೈಲಿಗೆ ವೇಳೆ ಇದೆ. ಪಾಪ, ಹೊಟ್ಟೆಗೇಕೆ ಇಲ್ಲ? ದಿನಕ್ಕೆ ಎಂಟು ಗಂಟೆ ದುಡಿಸಿರಿ. ಹದಿನಾರು ಗಂಟೆ ರಜೆ ಕೊಡಿರಿ. ನೂರು ವರ್ಷ ಬದುಕಿರಿ!" ಆಗ ನನಗೆ ನಲವತ್ತು ವರ್ಷ. ಹೊಟ್ಟೆ ಆಗಲೇ ಮೃದಂಗದ ಹಾಗೆ ಬಿಗಿದು, ಕೂತರೆ ಏಳಲಾಗದು, ಎದ್ದರೆ ಬಗ್ಗಲಾಗದು. ಭಾಷಣ ಮುಗಿಯುವಷ್ಟರಲ್ಲಿ ನಾನು ಹೊಸ ಮನುಷ್ಯನಾಗಿದ್ದೆ.

ಮನೆಗೆ ಬಂದವನೇ ನಡುಮನೆಯಲ್ಲಿ ನಿಂತು ಫರ್ಮಾನು ಹೊರಡಿಸಿದೆ.

"ಲೇ ಶಾಮಲಾ, ಕೇಳಿಸ್ಕೋ! ಇವತ್ತಿನಿಂದ ನನ್ನ ಹೊಟ್ಟೆ ಒಂದು ಕಚೇರಿ ಕಣೇ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೀತೀನಿ, ಸಾಯಂಕಾಲ ಆರಕ್ಕೆ ಹಾಕ್ತೀನಿ. ಆರಾದ ಮೇಲೆ ಒಂದು ಅಗುಳೂ ಒಳಗೆ ಹೋಗೋ ಹಾಗಿಲ್ಲ!"

ನನ್ನ ಹೆಂಡತಿ ಶಾಮಲಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಭಾನುವಾರ?"

"ಭಾನುವಾರಾನೂ ಅಷ್ಟೇ."

"ಹಬ್ಬದ ದಿನ?"

"ಹಬ್ಬದ ದಿನಾನೂ ಅಷ್ಟೇ!"

"ಹಂಗಾದ್ರೆ ಸರ್ಕಾರಿ ಕಚೇರಿಗಿಂತ ಇದೇ ವಾಸಿ ಬಿಡಿ. ನಮ್ಮಜ್ಜಿ ಬದುಕಿದ್ದಷ್ಟು ದಿನಾನೂ ದೀಪ ಹಚ್ಚೋ ಮುಂಚೇನೇ ಉಂಡು ಪಾತ್ರೆ ಬೋರಲು ಹಾಕ್ತಿದ್ರು. ಅದಕ್ಕೆ ಮದರಾಸಿಂದ ಯಾರೂ ಬಂದು ಮೇಜು ಗುದ್ದಲಿಲ್ಲ."

ದೊಡ್ಡ ಕಾರ್ಯಗಳಿಗೆ ಮೊದಲು ಮನೆಯಲ್ಲೇ ಮರ್ಯಾದೆ ಇರುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಇನ್ನೊಂದು ತೊಡಕಿತ್ತು. ಈಗಿನವರಿಗೆ ಗೊತ್ತಿರಲಾರದು, ಆ ಯುದ್ಧದ ವರ್ಷಗಳಲ್ಲಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಜನ ಅದನ್ನು ಹೊಸ ಟೈಮು ಎನ್ನುತ್ತಿದ್ದರು. ಸೂರ್ಯ ಮಾತ್ರ ಸರ್ಕಾರದ ಆಜ್ಞೆ ತಲುಪದೆ ಹಳೇ ಟೈಮಿಗೇ ಹುಟ್ಟಿ ಹಳೇ ಟೈಮಿಗೇ ಮುಳುಗುತ್ತಿದ್ದ. ನಮ್ಮ ಕಚೇರಿ ಹೊಸ ಟೈಮಿಗೆ, ಶಾಮಲಮ್ಮನ ಅಡಿಗೆಮನೆ ಹಳೇ ಟೈಮಿಗೆ. ನಾನು ಕೂರುವ ನಡುಮನೆಗೂ ಅಡಿಗೆಮನೆಗೂ ಗೋಡೆ ಒಂದೇ ಆದರೂ ಒಂದು ಗಂಟೆ ದೂರ!

"ಹಳೇ ಟೈಮಲ್ಲೇ ಉಣ್ರೀ. ಆರಕ್ಕೆ ಹೊತ್ತು ಮುಳುಗುತ್ತೆ, ಸರಿಹೋಗುತ್ತೆ" ಎಂದಳು.

"ಸರ್ಕಾರದ ಅನ್ನ ತಿನ್ನೋನು ನಾನು. ಕೈ ಹೊಸ ಟೈಮಲ್ಲಿ, ಹೊಟ್ಟೆ ಹಳೇ ಟೈಮಲ್ಲಿ ಇದ್ರೆ ಅದು ರಾಜದ್ರೋಹ!"

ಹೀಗೆ ಕಚೇರಿ ಶುರುವಾಯಿತು. ಖಜಾನೆಯ ಪಹರೆಯವನು ಆರು ಬಾರಿಸಿದ ಕೂಡಲೇ ನಾನು ಕೈ ತೊಳೆಯುತ್ತಿದ್ದೆ. ಒಂದು ಸಂಜೆ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಿದ್ದೇನೆ, ಢಣ್ ಎಂದಿತು. ಉಳಿದರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

"ಬಾಯಲ್ಲಿರೋದು?" ಎಂದಳು ಶಾಮಲಮ್ಮ.

"ಅದು ವೇಳೆಯೊಳಗೆ ಬಂದ ಅರ್ಜಿ. ಸ್ವೀಕರಿಸಿದ್ದೇನೆ!"

ಮೂರು ವಾರದಲ್ಲಿ ನನ್ನ ಪಂಚೆ ಒಂದು ಸುತ್ತು ಹೆಚ್ಚು ಬಂತು. ಕಚೇರಿಯಲ್ಲಿ ಎದುರು ಸಿಕ್ಕವರಿಗೆಲ್ಲ ಉಪದೇಶ ಮಾಡಿದೆ. ನನ್ನನ್ನು ದೂರದಿಂದ ಕಂಡರೆ ಜನ ದಾರಿ ಬದಲಿಸುತ್ತಿದ್ದರು. ಗೌರವದಿಂದ ದಾರಿ ಬಿಡುತ್ತಿದ್ದಾರೆಂದೇ ನಾನು ತಿಳಿದಿದ್ದೆ.

ಇಷ್ಟರಲ್ಲಿ ಕದಿರೇಶನ ಸಂಬಂಧದ ಮಾತು ಬಂತು. ಕದಿರೇಶ ಶಾಮಲಮ್ಮನ ಒಬ್ಬನೇ ತಮ್ಮ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ನನ್ನ ಅತ್ತೆ ತೀರಿಕೊಂಡರು, ಹಿಂದೆಯೇ ಮಾವನೂ ಹೋದರು. ಅವನಿಗೆ ಎಣ್ಣೆ ಹಚ್ಚಿದ್ದು, ಉಣ್ಣಿಸಿದ್ದು, ಹೊಡೆದದ್ದು, ಓದಿಸಿದ್ದು ಎಲ್ಲ ಇವಳೇ. ಈಗ ಹುಡುಗ ಹುತ್ತೂರಿನ ಕಡೆ ರೇಷ್ಮೆ ಕೆಲಸಕ್ಕೆ ಸೇರಿ ತನ್ನ ಕಾಲ ಮೇಲೆ ನಿಂತಿದ್ದ. ಆದರೆ ಮದುವೆ ಮಾತ್ರ ಕೂಡಿಬರಲಿಲ್ಲ. ನಾಲ್ಕು ಕಡೆ ನೋಡಿ ನಾಲ್ಕೂ ತಪ್ಪಿತ್ತು. ಒಂದು ಕಡೆ ಜಾತಕ, ಒಂದು ಕಡೆ ದೂರ, ಇನ್ನೆರಡು ಕಡೆ "ಅಪ್ಪ ಅಮ್ಮ ಇಲ್ಲದ ಹುಡುಗ" ಎಂಬ ಮಾತು. ಆ ಮಾತು ಕೇಳಿ ಬಂದ ದಿನ ಶಾಮಲಮ್ಮ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತಳು.

ಐದನೆಯದು ಶ್ರೀನಿವಾಸಪುರದಿಂದ ಎರಡು ಮೈಲಿ ಆಚೆಯ ಹಳ್ಳಿಯ ದೊಡ್ಡವೆಂಕಟಪ್ಪನವರ ಮಗಳು ಬಚ್ಚಮ್ಮ. ಒಳ್ಳೆಯ ಜನ. ಹುಡುಗಿಯನ್ನು ಯಾರದೋ ಮದುವೆಯಲ್ಲಿ ಕಂಡಿದ್ದ ಕದಿರೇಶ ಎರಡು ತಿಂಗಳಿಂದ ಅನ್ನಕ್ಕೆ ಉಪ್ಪಿದೆಯೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿದ್ದ.

"ರೀ, ಇದೊಂದು ಕೂಡಿಬಂದ್ರೆ ಅಮ್ಮನಿಗೆ ಕೊಟ್ಟ ಮಾತು ತೀರುತ್ತೆ. ನೀವೇ ಯಜಮಾನರಾಗಿ ಕೂತ್ಕೋಬೇಕು. ಅಲ್ಲಿ ಹೋಗಿ ಹೊಟ್ಟೆ ಭಾಷಣ ಮಾಡ್ಬೇಡಿ" ಎಂದಳು.

"ನಾನು ಕೂತ ಸಂಬಂಧ ತಪ್ಪಿದ್ದುಂಟೇನೇ?" ಎಂದೆ. ನಾಲ್ಕಕ್ಕೂ ನಾನೇ ಕೂತಿದ್ದೆ!

ನಮ್ಮ ಕಡೆಯ ಪದ್ಧತಿ ಇಲ್ಲಿ ಹೇಳಬೇಕು. ಹೆಣ್ಣು ನೋಡಲು ಹೋದವರು ಒಪ್ಪಿದೆವೆಂದಾಗಲಿ ಇಲ್ಲವೆಂದಾಗಲಿ ಬಾಯಿಬಿಟ್ಟು ಹೇಳುವುದಿಲ್ಲ. ಮಾತುಕತೆ ಮುಗಿದ ಮೇಲೆ ಹೆಣ್ಣಿನ ಮನೆಯವರು ಎಲೆ ಹಾಕುತ್ತಾರೆ. ಗಂಡಿನ ಕಡೆಯ ಯಜಮಾನ ಕೂತು ಮೊದಲ ತುತ್ತು ಕಲಸಿದನೋ, ಸಂಬಂಧ ಕೂಡಿತು. ಎಲೆ ಬಿಟ್ಟು ಎದ್ದನೋ, ಮುರಿಯಿತು. ಆಮೇಲೆ ಯಾರೂ ಯಾರನ್ನೂ ಯಾಕೆಂದು ಕೇಳುವಂತಿಲ್ಲ. ಹೆಣ್ಣು ಹೆತ್ತವರ ಮಾನ ಉಳಿಯಲೆಂದು ಹಿರಿಯರು ಮಾಡಿಟ್ಟ ಏರ್ಪಾಡು. ಇದು ನನಗೆ ಗೊತ್ತಿರಲಿಲ್ಲವೇ? ನನ್ನ ಮದುವೆಯೂ ಹಾಗೆಯೇ ಕೂಡಿದ್ದು! ಆದರೆ ವ್ರತದ ಗುಂಗು ತಲೆಗೇರಿದವನಿಗೆ ಗೊತ್ತಿರುವುದೂ ಹೊತ್ತಿಗೆ ಒದಗುವುದಿಲ್ಲ.

ಮಾರ್ಗಶಿರದ ಒಂದು ಭಾನುವಾರ ಹೊರಟೆವು. ಒಂಬತ್ತಕ್ಕೆ ಬಸ್ಸು ಹತ್ತಿದರೆ ಹನ್ನೊಂದಕ್ಕೆ ಶ್ರೀನಿವಾಸಪುರ, ಮಧ್ಯಾಹ್ನ ಒಂದಕ್ಕೆ ಊಟ, ಆರಕ್ಕೆ ಮೊದಲೇ ವಾಪಸು. ನನ್ನ ಲೆಕ್ಕಾಚಾರದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಬಸ್ಸಿನಲ್ಲಿ. ಯುದ್ಧಕ್ಕೆ ಪೆಟ್ರೋಲೆಲ್ಲ ಹೋಗಿ ನಮ್ಮ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಹಿಂದುಗಡೆ ಒಂದು ದೊಡ್ಡ ಪೀಪಾಯಿ, ಅದರೊಳಗೆ ಕೆಂಡ, ಕ್ಲೀನರು ತಿದಿ ತಿರುಗಿಸಿ ಬೆವರು ಸುರಿಸಿದ ಮೇಲೆ ಬಸ್ಸಿಗೆ ಒಂದು ಕೆಮ್ಮು. ಪ್ರತಿಯೊಂದು ಏರಿನಲ್ಲೂ ಡ್ರೈವರು "ಗಂಡಸರೆಲ್ಲ ಇಳೀರಿ ಸ್ವಾಮಿ" ಎನ್ನುತ್ತಿದ್ದ. ಆವತ್ತು ನಾನು ಬಸ್ಸಿನಲ್ಲಿ ಹೋದದ್ದಕ್ಕಿಂತ ಬಸ್ಸು ನನ್ನಿಂದ ಹೋದದ್ದೇ ಹೆಚ್ಚು! ಆದರೂ ಆ ದಿನಗಳನ್ನು ನೆನೆದರೆ ಮನಸ್ಸಿಗೆ ಹಿತವಾಗುತ್ತದೆ. ತಳ್ಳಿದವರೆಲ್ಲ ಬೆವರೊರೆಸಿಕೊಂಡು ಹುಣಸೆಮರದಡಿ ಕೂತು ಕಡಲೆಕಾಯಿ ಹಂಚಿ ತಿಂದೆವು. ಇಳಿಯುವಾಗ ಇಡೀ ಬಸ್ಸು ನೆಂಟರಾಗಿತ್ತು. ಎಲ್ಲರೂ ಕದಿರೇಶನಿಗೆ "ಒಳ್ಳೇದಾಗ್ಲಪ್ಪ" ಎಂದು ಹರಸಿ ಹೋದರು.

ದೊಡ್ಡವೆಂಕಟಪ್ಪನವರ ಗಾಡಿಯಲ್ಲಿ ಅವರ ಮನೆ ಮುಟ್ಟಿದಾಗ ಹೊಸ ಟೈಮು ನಾಲ್ಕು. ಜಗುಲಿಯ ಮೇಲೆ ಕಂಬಳಿ ಹಾಸಿತ್ತು. ಬೆಲ್ಲ ನೀರು ಬಂತು. ಹುಡುಗಿ ಬಂದು ನಮಸ್ಕಾರ ಮಾಡಿ ಹೋದಳು. ಕದಿರೇಶ ಕಂಬವನ್ನು ನೋಡುತ್ತ ಬೆವರಿದ. ಮಳೆ ಬೆಳೆ, ರೇಷ್ಮೆ, ಯುದ್ಧ, ಮಾವಿನ ಹೂವು, ಎಲ್ಲ ಮಾತಾಯಿತು. ನನ್ನ ಕಿವಿ ಮಾತಿನಲ್ಲಿತ್ತು, ಕಣ್ಣು ಕೈಗಡಿಯಾರದಲ್ಲಿತ್ತು, ಮೂಗು ಮಾತ್ರ ಅಡಿಗೆಮನೆಯಲ್ಲಿ! ಒಳಗಿನಿಂದ ಹಿತಕಿದ ಅವರೆಬೇಳೆ ಸಾರಿನ ಘಮ. ಮಾರ್ಗಶಿರದ ಚಳಿಗೆ ಸೊಗಡು ತುಂಬಿದ ಅವರೆ, ಒಂದೊಂದೇ ಕಾಳು ಹಿಸುಕಿ ಸಿಪ್ಪೆ ತೆಗೆದದ್ದು, ಮೇಲೆ ಕಾಯಿ ಗಸಗಸೆ ರುಬ್ಬಿ ಹಾಕಿದ್ದು. ಅಂಥ ಘಮ ಆಮೇಲೆ ನನ್ನ ಮೂಗಿಗೆ ಬಿದ್ದೇ ಇಲ್ಲ.

ಐದೂವರೆಗೆ ತಡೆಯಲಾರದೆ ಕೇಳಿದೆ.

"ಯಜಮಾನ್ರೇ, ಊಟ ಎಷ್ಟು ಹೊತ್ತಿಗೆ?"

ದೊಡ್ಡವೆಂಕಟಪ್ಪನವರ ಮುಖ ಅರಳಿತು. ಗಂಡಿನ ಕಡೆಯವರು ತಾವಾಗಿ ಊಟ ಕೇಳುವುದೆಂದರೇನು! "ಇನ್ನೇನು ಆಗ್ಹೋಯ್ತು ಸ್ವಾಮಿ. ಒಬ್ಬಟ್ಟು ಬಿಸಿ ಬಿಸಿ ಬಡಿಸ್ಬೇಕು ಅಂತ ಅಮ್ಮ ಹಟ ಹಿಡಿದವ್ರೆ" ಎಂದರು.

ಐದು ನಲವತ್ತಕ್ಕೆ ಇನ್ನೊಮ್ಮೆ ಕೇಳಿದೆ. ಐದು ಐವತ್ತಕ್ಕೆ ಮತ್ತೊಮ್ಮೆ ಕೇಳಿದೆ. ಅವರ ಆನಂದ ಹೇಳತೀರದು. ಒಳಗೆ ಓಡಿ, "ಅಮ್ಮಾ, ತೊಂದರಗಾ, ಬೇಗ ಬೇಗ! ಅವರು ತುಂಬ ಆತುರದಲ್ಲಿ ಅವ್ರೆ!" ಎಂದು ಕೂಗಿದ್ದು ನನಗೆ ಕೇಳಿಸಿತು. ಬಾಗಿಲ ಸಂದಿಯಿಂದ ಶಾಮಲಮ್ಮ ನನ್ನ ಕಡೆ ನೋಡಿ ನಕ್ಕಳು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ನೋಡಿದ್ದು ಕಡಮೆ.

ಆರಕ್ಕೆ ಎರಡು ನಿಮಿಷವಿದ್ದಾಗ ಎಲೆ ಹಾಕಿದರು. ನೀರು ಚಿಮುಕಿಸಿದರು. ಉಪ್ಪು ಬಡಿಸಿದರು, ಕೋಸಂಬರಿ ಬಡಿಸಿದರು, ಪಲ್ಯ ಬಡಿಸಿದರು. ಹಬ್ಬಕ್ಕೆಂದು ಎತ್ತಿಟ್ಟ ಸಣ್ಣಕ್ಕಿಯ ಅನ್ನ ಬಂತು. ಯುದ್ಧಕಾಲದಲ್ಲಿ ಆ ಅನ್ನದ ಬೆಲೆ ತಿಂದವರಿಗೇ ಗೊತ್ತು. ಒಬ್ಬಟ್ಟು ಬಂತು, ಅದರ ಮೇಲೆ ತುಪ್ಪ ಹರಿಯಿತು. ಕೊನೆಗೆ ಸಾರಿನ ಬೋಗುಣಿ ನನ್ನೆದುರು ಬಂದು ನಿಂತಾಗ ಗಡಿಯಾರ ನೋಡಿದೆ.

ಆರು ಗಂಟೆ ನಾಲ್ಕು ನಿಮಿಷ!

ನನ್ನೊಳಗೆ ಎಂಥ ಯುದ್ಧ ನಡೆಯಿತೆಂದು ಹೇಗೆ ಹೇಳಲಿ! ಒಂದು ಕಡೆ ಹಿತಕಿದ ಬೇಳೆ, ಇನ್ನೊಂದು ಕಡೆ ಹರಿಶ್ಚಂದ್ರ. ಹರಿಶ್ಚಂದ್ರ ಗೆದ್ದ. ನಾನು ಎಲೆಯ ಮುಂದಿನಿಂದ ಎದ್ದು, ಕೈ ಮುಗಿದು, ಗಂಭೀರವಾಗಿ ಹೇಳಿದೆ: "ಕ್ಷಮಿಸಿ. ನಾನು ಉಣ್ಣುವುದಿಲ್ಲ."

ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಕದಿರೇಶ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ದೊಡ್ಡವೆಂಕಟಪ್ಪನವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಆದರೂ ಆ ಮನುಷ್ಯ ಒಂದು ಕೆಟ್ಟ ಮಾತಾಡಲಿಲ್ಲ. "ಸರಿ ಸ್ವಾಮಿ. ಋಣ ಇಷ್ಟೇ" ಎಂದು ಹೆಗಲ ಮೇಲಿನ ಟವಲು ತೆಗೆದು ಕಣ್ಣೊರೆಸಿಕೊಂಡು ಹಿತ್ತಲ ಕಡೆ ಹೋದರು. ಒಳಗಿನಿಂದ ಯಾರೋ ಬಂದು ಎಲೆಗಳನ್ನು ಒಂದೊಂದಾಗಿ ಎತ್ತಿದರು.

ಆಗ ನೆನಪಾಯಿತು ನನಗೆ ಪದ್ಧತಿ!

ಶಾಮಲಮ್ಮ ನನ್ನ ಅಂಗಿಯ ತೋಳು ಹಿಡಿದು ಬಣವೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಏನ್ರೀ ಮಾಡಿದ್ರಿ? ಏನ್ರೀ ಮಾಡಿದ್ರಿ ನೀವು?"

"ಆರು ನಾಲ್ಕಾಗಿತ್ತು ಕಣೇ..."

"ಹೊತ್ತು ನೋಡ್ರೀ, ಇನ್ನೂ ಮರದ ಮೇಲಿದೆ! ಹಳೇ ಟೈಮು ಐದು! ಉಂಡಿದ್ರೆ ಏನಾಗ್ತಿತ್ತು? ನನ್ನ ತಮ್ಮ ಹೆಚ್ಚಾ, ನಿಮ್ಮ ಗಡಿಯಾರ ಹೆಚ್ಚಾ?" ಎಂದವಳು ಬಣವೆಗೆ ಒರಗಿ ಅತ್ತುಬಿಟ್ಟಳು. "ಅಮ್ಮ ಸಾಯೋವಾಗ ಅವನ ಕೈ ತಂದು ನನ್ನ ಕೈಲಿಟ್ಳು. ಅವನಿಗೆ ಒಂದು ಮನೆ ಮಾಡ್ಕೊಡು ಅಂದ್ಳು. ಇನ್ನು ಯಾರು ಕೊಡ್ತಾರ್ರೀ ಅವನಿಗೆ ಹೆಣ್ಣು?"

ಈ ಸಲ ಹೊಗೆಯ ನೆಪವೂ ಇರಲಿಲ್ಲ. ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. "ಈಗಲೇ ಹೋಗಿ ಉಣ್ತೀನಿ ಕಣೇ. ನಾಲ್ಕು ಎಲೆ ಊಟ ಬೇಕಾದ್ರೂ ಉಣ್ತೀನಿ" ಎಂದೆ.

"ಎತ್ತಿದ ಎಲೆ ಮತ್ತೆ ಹಾಕ್ತಾರಾ? ಬಲವಂತಕ್ಕೆ ಉಂಡ ಅನ್ನೋ ಮಾತು ಹುಡುಗಿ ತಲೆ ಮೇಲೆ ಬರಲ್ವಾ?" ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಏನೋ ನಿಶ್ಚಯಿಸಿದವಳಂತೆ ಹೇಳಿದಳು. "ನೀವು ಜಗುಲಿ ಮೇಲೆ ಹೋಗಿ ಕೂತ್ಕೊಳ್ಳಿ. ಈ ಮನೆ ಅಜ್ಜೀನ ಕಳಿಸ್ತೀನಿ, ಬಂದು ಮಾತಾಡಿಸ್ತಾರೆ. ಏನು ಕೇಳಿದ್ರೂ ಒಂದು ಚೂರೂ ಮುಚ್ಚಿಡ್ದೆ ಹೇಳಿ. ನಿಮ್ಮ ವ್ರತ, ಕಚೇರಿ, ಹೊಸ ಟೈಮು, ಎಲ್ಲಾ."

"ಭಾಷಣ ಮಾಡಬೇಡ ಅಂದಿದ್ದೆಯಲ್ಲೇ?"

"ಈಗ ಮಾಡಿ. ಪೂರ್ತಿ ಮಾಡಿ."

ಅಂತೂ ನನ್ನ ಹೆಂಡತಿಗೆ ವ್ರತದ ಮಹಿಮೆ ಅರ್ಥವಾಯಿತು! ಸತ್ಯವನ್ನೇ ಹೇಳಿ ಸಂಬಂಧ ಉಳಿಸಿಕೊಳ್ಳುವ ಭಾರ ನನ್ನ ಮೇಲೆ ಬಿತ್ತು. ಗಂಟಲು ಸರಿಮಾಡಿಕೊಂಡು ಜಗುಲಿಯ ಮೇಲೆ ಕೂತೆ. ಕದಿರೇಶ ಅಂಗಳದ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ದೊಡ್ಡವೆಂಕಟಪ್ಪನವರ ತಾಯಿ ಆವಲಮ್ಮ ಕೋಲೂರಿಕೊಂಡು ಬಂದು ನನ್ನೆದುರು ಕೂತರು. ಎಂಬತ್ತರ ಮುದುಕಿ. ಕಿವಿಯಲ್ಲಿ ಭಾರದ ಕಡಕು, ಬಾಯಲ್ಲಿ ಎಲೆಯಡಿಕೆ. ಅರ್ಧ ಕನ್ನಡ, ಅರ್ಧ ತೆಲುಗು. ಆ ಮನೆಯಲ್ಲಿ ಅವರ ಮಾತೇ ಕೊನೆಯ ಮಾತು.

"ಏಮಿ ನಾಯನಾ, ಹೊಟ್ಟೆ ಹಸ್ದಿಲ್ವಾ?"

"ತುಂಬ ಹಸಿದಿದೆ ಅಜ್ಜಿ."

"ನಮ್ಮನೆ ಅಡುಗೆ ಮನಸ್ಸಿಗೆ ಬರಲಿಲ್ವಾ?"

"ಅಯ್ಯೋ! ಆ ಘಮಕ್ಕೆ ಪ್ರಾಣ ಹೋಗ್ತಿದೆ."

"ಮತ್ತೆ ಎಲೆ ಬಿಟ್ಟು ಎದ್ದಿದ್ಯಾಕೆ?"

"ಕಚೇರಿ ಮುಚ್ಚಿಬಿಡ್ತು ಅಜ್ಜಿ."

"ಯಾವ ಕಚೇರಿ?"

"ನನ್ನ ಹೊಟ್ಟೆ. ಬೆಳಿಗ್ಗೆ ಹತ್ತಕ್ಕೆ ತೆಗೀತೀನಿ, ಸಾಯಂಕಾಲ ಆರಕ್ಕೆ ಬಾಗಿಲು ಹಾಕ್ತೀನಿ. ಆಮೇಲೆ ಯಾರು ಬಂದ್ರೂ ಒಳಗೆ ಬಿಡಲ್ಲ."

ಅಜ್ಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಈಗ ಎಷ್ಟು ಹೊತ್ತಪ್ಪಾ?"

"ಆರೂವರೆ."

ಅಜ್ಜಿ ಹುಬ್ಬಿಗೆ ಕೈ ಅಡ್ಡ ಹಿಡಿದು ಪಡುವಣ ನೋಡಿದರು. "ಹೊತ್ತು ಇನ್ನೂ ಆಳುದ್ದ ಐತಲ್ಲ ನಾಯನಾ?"

"ಅದು ಹಳೇ ಹೊತ್ತು ಅಜ್ಜಿ. ಸರ್ಕಾರದವರು ಹೊತ್ತನ್ನ ಒಂದು ಗಂಟೆ ಮುಂದಕ್ಕೆ ತಳ್ಳಿದ್ದಾರೆ."

"ತಳ್ಳವ್ರಾ! ಯಾಕೆ?"

"ಯುದ್ಧ ಗೆಲ್ಲೋಕೆ!"

"ಸೂರ್ಯದೇವ್ರೂ ಮುಂದಕ್ಕೆ ಹೋದ್ರಾ?"

"ಇಲ್ಲ, ಅವನು ಅಲ್ಲೇ ಹಿಂದೆ ಉಳ್ಕೊಂಡಿದ್ದಾನೆ. ನಾವು ಮಾತ್ರ ಮುಂದಕ್ಕೆ ಹೋಗಿದ್ದೀವಿ. ನಿಮ್ಮ ಮನೇಲಿ ಇನ್ನೂ ಐದೂವರೆ. ನನಗೆ ಮಾತ್ರ ಆರೂವರೆ."

ಹಿತ್ತಲಿಂದ ಬಂದು ನಿಂತಿದ್ದ ದೊಡ್ಡವೆಂಕಟಪ್ಪನವರು ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಕೈಯೆತ್ತಿ ತಡೆದರು. ಆಮೇಲೆ ನನ್ನ ಹತ್ತಿರ ಸರಿದು, ಎರಡು ಕೈಯಿಂದ ನನ್ನ ಮುಖ ನೀವಿ, ಪಟಪಟನೆ ನೆಟಿಗೆ ಮುರಿದರು. ಮುದುಕಿಯ ಕಣ್ಣಲ್ಲಿ ನೀರು!

"ಅಯ್ಯೋ ನಾ ತಂಡ್ರಿ, ನನ್ನಪ್ಪಾ! ನೀನು ಉಣ್ಬೇಡಪ್ಪ. ನಿನ್ನ ಹೊತ್ತು ಬಂದಾಗ ಉಣ್ಣು, ಯಾರೂ ಏನೂ ಅನ್ನಲ್ಲ" ಎಂದು ಹೇಳಿ ಒಳಗೆ ಹೋದರು. ಅಲ್ಲಿ ಶಾಮಲಮ್ಮನ ಹತ್ತಿರ ಏನೋ ಪಿಸುಮಾತು ನಡೆಯಿತು. ಐದು ನಿಮಿಷದಲ್ಲಿ ಅಜ್ಜಿಯ ಗಟ್ಟಿ ದನಿ ಹೊರಗೆ ಬಂತು.

"ಎಲೆ ಹಾಕ್ರೋ! ಸಂಬಂಧ ಎಲ್ಲೂ ಮುರಿದಿಲ್ಲ. ಹುಡುಗನ್ನ ಸಾಕಿದೋಳು ಈ ತಾಯಿ. ಮೊದಲ ತುತ್ತು ಇವಳೇ ಕಲಸ್ತಾಳೆ!"

ನಮ್ಮ ಕಡೆ ಹೆಂಗಸರು ಯಜಮಾನರ ಎಲೆಗೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಕೇಳಿರಲಿಲ್ಲ. ಶಾಮಲಮ್ಮ ಸೆರಗು ಬಿಗಿದು ಕೂತಳು. ಅನ್ನಕ್ಕೆ ತುಪ್ಪ ಬಿತ್ತು. ಮೊದಲ ತುತ್ತು ಕಲಸಿ, ತಾನು ಉಣ್ಣದೆ ಪಕ್ಕದಲ್ಲಿ ಕೂತಿದ್ದ ಕದಿರೇಶನ ಬಾಯಿಗಿಟ್ಟಳು. ಇಪ್ಪತ್ನಾಲ್ಕು ವರ್ಷದ ಗಂಡು ಹುಡುಗ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಶಾಮಲಮ್ಮ ಹೋಗಿ ಈಗ ಎಷ್ಟೋ ವರ್ಷವಾಯಿತು. ಅವಳನ್ನು ನೆನೆದಾಗೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ತುತ್ತು, ಆ ಕೈ. ಅಂಥವಳ ಜೊತೆ ಬದುಕಿದೆನಲ್ಲ ಎಂದು ಎದೆ ತುಂಬುತ್ತದೆ.

ಆವತ್ತು ಮಾತ್ರ ಎದೆ ತುಂಬಿದ್ದು ಬೇರೆ ಕಾರಣಕ್ಕೆ. ನನ್ನ ಭಾಷಣದ ಶಕ್ತಿಗೆ ನಾನೇ ಬೆರಗಾಗಿದ್ದೆ! ಓದು ಬರಹ ಬಾರದ ಮುದುಕಿ ಐದು ನಿಮಿಷದಲ್ಲಿ ನನ್ನ ಸಿದ್ಧಾಂತಕ್ಕೆ ತಲೆಬಾಗಿದರು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಗಾಡಿ ಹತ್ತುವಾಗ ನನ್ನ ಕತ್ತು ನೆಟ್ಟಗಿತ್ತು. ದೊಡ್ಡವೆಂಕಟಪ್ಪನವರು ನನ್ನ ಕೈ ಹಿಡಿದು ಮೆಲ್ಲಗೆ ಗಾಡಿಗೆ ಹತ್ತಿಸಿದರು. ಏನು ವಿನಯ!

ಮಾಘದಲ್ಲಿ ಮದುವೆ, ಅದೇ ಹಳ್ಳಿಯಲ್ಲಿ. ಹಿಂದಿನ ದಿನ ಮಧ್ಯಾಹ್ನವೇ ನಾವು ಹೋಗಿ ಇಳಿದೆವು. ನನಗೆ ಸಿಕ್ಕ ಮರ್ಯಾದೆಯನ್ನು ಏನೆಂದು ಬಣ್ಣಿಸಲಿ! ಮದುಮಗನಿಗೂ ಅಷ್ಟು ಸಿಗಲಿಲ್ಲ. ಹುಡುಗಿಯ ಸೋದರಮಾವ ಗಂಗುಲಪ್ಪ, ಎತ್ತಿನಂಥ ಆಳು, ನನ್ನ ಬೆನ್ನಿಗೇ ನಿಂತ. ನಾನು ಕೂತರೆ ಕೂತ, ಎದ್ದರೆ ಎದ್ದ. ಕಾಲು ತೊಳೆಯಲು ಬಾವಿಯ ಕಟ್ಟೆಗೆ ಹೋದರೆ ರಟ್ಟೆ ಹಿಡಿದು ಈಚೆಗೆ ಕರೆತಂದು ತಾನೇ ನೀರು ಸೇದಿಕೊಟ್ಟ. ಅಡಿಕೆ ಕತ್ತರಿಸೋಣವೆಂದು ಅಡಕತ್ತರಿ ಕೈಗೆತ್ತಿಕೊಂಡರೆ ನಯವಾಗಿ ಇಸಿದುಕೊಂಡ. ಹೆಂಗಸರು ನನ್ನನ್ನು ಕಂಡು "ಪಾಪಂ" ಎಂದು ನಿಟ್ಟುಸಿರಿಟ್ಟರು. ವ್ರತದಿಂದ ಸೊರಗಿದ್ದೇನೆಂದು ಮರುಗುತ್ತಿದ್ದಾರೆ ಎಂದುಕೊಂಡೆ. ಹತ್ತಾರು ಜನ ಬಂದು ಬಂದು "ಸ್ವಾಮಿ, ಈಗ ಟೈಮೆಷ್ಟು?" ಎಂದು ಕೇಳಿದರು. ನಾನು "ಹೊಸದೋ ಹಳೇದೋ?" ಎಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಲೆದೂಗಿ ಹೋದರು.

ಸಂಜೆಯಾಯಿತು. ಚಪ್ಪರದಲ್ಲಿ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಮತ್ತೆ ಅದೇ ಸಾರು, ಅದೇ ಘಮ! ಗಡಿಯಾರ ಏಳು ತೋರಿಸುತ್ತಿತ್ತು. ಒಂದು ಸಲ ಗೆದ್ದ ಮನುಷ್ಯನಿಗೆ ಎರಡನೆಯ ಸಲ ಸೋಲುವುದಕ್ಕೆ ಹಕ್ಕಿದೆ. ಮದುವೆಗೆಂದು ವಿಶೇಷ ವಿನಾಯಿತಿ ಮಂಜೂರು ಮಾಡಿಕೊಂಡು ಎಲೆಯ ಕಡೆ ಹೊರಟೆ.

ಗಂಗುಲಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟ. "ಚಿಂತೆ ಮಾಡ್ಬೇಡಿ ಸ್ವಾಮಿ. ನಮ್ಮ ದೊಡ್ಡಪ್ಪನಿಗೂ ಹಿಂಗೇ ಆಗಿತ್ತು. ಅವರು ಎಡಗಾಲು ನೆಲಕ್ಕೇ ಊರ್ತಿರ್ಲಿಲ್ಲ. ನಿಮಗೆ ಊಟ ಒಂದೇ ತಾನೇ? ಮೂರು ಅಮಾವಾಸ್ಯೆ ನೆತ್ತಿಗೆ ನಿಂಬೆಹಣ್ಣು ತಿಕ್ಕಿ ತಣ್ಣೀರು ಸುರಿದ್ರೆ ಇಳಿದುಹೋಗುತ್ತೆ."

"ಇಳಿಯೋಕೆ ನನಗೇನಾಗಿದೆಯಪ್ಪಾ?"

"ಏನೂ ಆಗಿಲ್ಲ ಸ್ವಾಮಿ, ಏನೂ ಆಗಿಲ್ಲ" ಎಂದ. ಬೆದರಿದ ಕರುವಿಗೆ ಹೇಳುವ ದನಿ!

ಆಗ ತಲೆಗೆ ಹೊಳೆಯಿತು. ಬಾವಿ ಹೊಳೆಯಿತು, ಅಡಕತ್ತರಿ ಹೊಳೆಯಿತು, "ಪಾಪಂ" ಹೊಳೆಯಿತು. ಚಪ್ಪರದ ಹಿಂದೆ ವೀಳ್ಯದೆಲೆ ಜೋಡಿಸುತ್ತಿದ್ದ ಶಾಮಲಮ್ಮನ ಮುಂದೆ ಹೋಗಿ ನಿಂತೆ.

"ಲೇ! ನನಗೆ ತಲೆ ಕೆಟ್ಟಿದೆ ಅಂತ ಈ ಊರಿಗೆಲ್ಲ ಸಾರಿದ್ದೀಯೇನೇ?"

"ನಾನು ಆ ಮಾತೇ ಆಡಲಿಲ್ಲಪ್ಪ" ಎಂದಳು ಎಲೆಯ ತೊಟ್ಟು ಮುರಿಯುತ್ತ.

"ಮತ್ತೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. 'ನಮ್ಮೆಜಮಾನ್ರನ್ನ ಒಂದು ಸಲ ಮಾತಾಡಿಸಿ ನೋಡಿ ಅಜ್ಜಿ, ಆಮೇಲೆ ನೀವೇ ತೀರ್ಮಾನ ಮಾಡಿ' ಅಂದೆ. ಅವರು ಮಾತಾಡಿಸಿದ್ರು. ತೀರ್ಮಾನ ಮಾಡಿದ್ರು. ಬುದ್ಧಿ ನೆಟ್ಟಗಿರೋ ಯಜಮಾನ ಎದ್ರೆ ಸಂಬಂಧ ಮುರಿಯುತ್ತಂತೆ, ಇಲ್ದಿರೋರು ಎದ್ರೆ ಅದು ಎದ್ದ ಹಾಗೇ ಅಲ್ಲವಂತೆ. ಒಂದೇ ಒಂದು ಮಾತು ಕೇಳಿದ್ರು. 'ಇದು ನಿಮ್ಮ ವಂಶದಲ್ಲಿ ಯಾರಿಗಾದ್ರೂ ಐತಾ ತಾಯೀ?' ಅಂತ. 'ಇಲ್ಲ ಅಜ್ಜಿ, ಇವರ ಕಡೇದು' ಅಂದೆ. ಅದು ನಿಜ ತಾನೇ?"

ನನಗೆ ಮೈಯೆಲ್ಲ ಉರಿಯಿತು. "ಈಗಲೇ ಹೋಗಿ ನಡುಪಂಕ್ತಿಯಲ್ಲಿ ಕೂತು ಉಣ್ತೀನಿ! ನನ್ನ ಬುದ್ಧಿ ನೆಟ್ಟಗಿದೆ ಅಂತ ಈ ಊರಿಗೇ ತೋರಿಸ್ತೀನಿ!"

ಶಾಮಲಮ್ಮ ಎಲೆ ಬಿಟ್ಟು ನನ್ನ ಕೈ ಹಿಡಿದುಕೊಂಡಳು. "ಬೇಡ್ರೀ, ನಿಮ್ಮ ದಮ್ಮಯ್ಯ! ನೀವೀಗ ಸರಿಹೋಗಿಬಿಟ್ರೆ ಆವತ್ತು ಎದ್ದಿದ್ದು ಎದ್ದಂಗೇ ಆಗ್ಬಿಡುತ್ತೆ. ನಾಳೆ ಬೆಳಿಗ್ಗೆ ತಾಳಿ ಕಟ್ಟೋವರೆಗೆ ತಡ್ಕೊಳ್ಳಿ."

"ಅಲ್ಲಿವರೆಗೂ ಹುಚ್ಚನ ಹಾಗೆ ನಟನೆ ಮಾಡಲಾ? ಅದೆಲ್ಲ ನನ್ನ ಕೈಲಾಗಲ್ಲ ಕಣೇ!"

"ನಟನೆ ಮಾಡಿ ಅಂದೋರು ಯಾರು? ನೀವು ಇರೋ ಹಾಗೇ ಇರಿ, ಸಾಕು."